ಅಜ್ಜಿಯ ಮನೆಯ ಹೆಸರಿನಿಂದ ಶುರುಮಾಡಿ: ಕರಾವಳಿಯಲ್ಲಿ ಕುಟುಂಬದ ಚರಿತ್ರೆ ಹುಡುಕುವವರಿಗೆ

ಮಂಗಳೂರು, ಉಡುಪಿ ಕಡೆಯವರು ಕುಟುಂಬದ ಚರಿತ್ರೆ ಬರೆಯಲು ಕೂತಾಗ ಸಾಮಾನ್ಯವಾಗಿ ಅಪ್ಪ, ಅಜ್ಜ, ಮುತ್ತಜ್ಜ ಅಂತ ಹೆಸರು ಬರೆಯುತ್ತಾ ಹೋಗುತ್ತಾರೆ. ಹೆಚ್ಚಿನವರು ಮೂರನೇ ಹೆಸರಿಗೆ ನಿಲ್ಲುತ್ತಾರೆ. ದಾಖಲೆ ಇಲ್ಲ ಅಂತ ಕೈಬಿಡುತ್ತಾರೆ. ನಿಜ ಹೇಳಬೇಕೆಂದರೆ ದಾಖಲೆ ಎಷ್ಟೋ ಇದೆ. ಆದರೆ ಅದು ಬೇರೆ ಮನೆಯ ಹೆಸರಿನಲ್ಲಿ ಇದೆ.

ಬಂಟರು, ಬಿಲ್ಲವರು, ಮೊಗವೀರರು ಸೇರಿ ಇಲ್ಲಿನ ಹಲವು ಸಮುದಾಯಗಳಲ್ಲಿ ಕುಟುಂಬ ನಡೆದುಬಂದದ್ದು ತಾಯಿಯ ಕಡೆಯಿಂದ. ಅಳಿಯಸಂತಾನದಲ್ಲಿ ಅಜ್ಜನ ಆಸ್ತಿ, ಯಜಮಾನಿಕೆ, ದೈವದ ಜವಾಬ್ದಾರಿ ಎಲ್ಲವೂ ಹೋಗುತ್ತಿದ್ದದ್ದು ಅವರ ಅಕ್ಕತಂಗಿಯರ ಮಕ್ಕಳಿಗೆ. ಹಾಗಾಗಿ ಅಜ್ಜನ ಹೆಸರು ಅವರ ತಾಯಿಮನೆಯ ಕಾಗದದಲ್ಲಿ ಸಿಗುತ್ತದೆ. ನಿಮ್ಮ ತಾಯಿಯ ಕವರು (ಒಬ್ಬ ಹೆಣ್ಣಿನಿಂದ ಇಳಿದುಬಂದ ಕವಲು) ಹುಡುಕಬೇಕಾದರೆ ಅಜ್ಜಿಯ ತಾಯಿಮನೆಗೆ ಹೋಗಬೇಕು. ಬ್ರಾಹ್ಮಣರು, ಕೊಂಕಣಿಗರು, ಕ್ರೈಸ್ತರಲ್ಲಿ ಲೆಕ್ಕ ತಂದೆಯ ಕಡೆಯಿಂದಲೇ. ಆದರೂ ಅವರಿಗೂ ಒಂದು ಮಾತು ಅನ್ವಯಿಸುತ್ತದೆ: ಶೆಟ್ಟಿ, ಪೂಜಾರಿ, ಭಟ್, ಡಿಸೋಜ ಅಂತ ಹುಡುಕಿದರೆ ಸಾವಿರಾರು ಜನ ಸಿಗುತ್ತಾರೆ, ಮನೆಯ ಹೆಸರು ಹಿಡಿದರೆ ಒಂದೇ ಕುಟುಂಬ ಸಿಗುತ್ತದೆ.

ಹಿರಿಯರ ಹತ್ತಿರ ಏನು ಕೇಳಬೇಕು

ಇದನ್ನು ಮುಂದೆ ಹಾಕಬೇಡಿ. ಕಚೇರಿಯ ಕಡತ ಇನ್ನೂ ಹತ್ತು ವರ್ಷ ಅಲ್ಲೇ ಇರಬಹುದು, ತೊಂಬತ್ತರ ಅಜ್ಜಿ ಇರುವುದಿಲ್ಲ. ಮನೆಯಲ್ಲಿ ತುಳು ಆಡುವವರ ಹತ್ತಿರ ತುಳುವಿನಲ್ಲೇ ಮಾತಾಡಿ. ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ, ಯಾವುದಿದ್ದರೂ ಹಾಗೆಯೇ. ಫೋನಿನಲ್ಲಿ ರೆಕಾರ್ಡ್ ಮಾಡುವ ಮೊದಲು ಅವರಿಗೆ ಹೇಳಿ, ಒಪ್ಪಿಗೆ ಪಡೆಯಿರಿ.

"ನಿಮ್ಮ ಮುತ್ತಜ್ಜನ ಹೆಸರೇನು" ಅಂತ ಕೇಳಿದರೆ ನೆನಪಿಲ್ಲ ಅನ್ನುತ್ತಾರೆ. ಬದಲಿಗೆ ಹೀಗೆ ಕೇಳಿ. ಯಾವ ಮನೆಯಲ್ಲಿ ಸಾವಾದರೆ ನಮಗೆ ಸೂತಕ? ಯಾವ ಮನೆಯ ಹೆರಿಗೆಗೆ ನಮಗೆ ಅಮೆ (ಹೆರಿಗೆಯ ಸೂತಕ)? ನೀವು ಹುಟ್ಟಿದ್ದು ಯಾವ ಮನೆಯಲ್ಲಿ, ನಿಮ್ಮ ಅಮ್ಮ ಹುಟ್ಟಿದ್ದು ಯಾವ ಮನೆಯಲ್ಲಿ? ನಾಗರಪಂಚಮಿಗೆ ತನು ಹಾಕಲು (ನಾಗನಿಗೆ ಹಾಲೆರೆಯಲು) ಎಲ್ಲಿಗೆ ಹೋಗುತ್ತಿದ್ದಿರಿ? ಆಟಿ ತಿಂಗಳಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವಾಗ ಯಾರ ಯಾರ ಹೆಸರು ಹೇಳುತ್ತಿದ್ದರು? ನಮ್ಮ ಬರಿ (ಗೋತ್ರದಂಥ ಗುಂಪು) ಯಾವುದು?

ಸೂತಕದ ಪ್ರಶ್ನೆ ಬಹಳ ಮುಖ್ಯ. ಸೂತಕ ಹಿಡಿಯುವ ಮನೆಗಳ ಪಟ್ಟಿ ಅಂದರೆ ಒಂದೇ ಕುಟುಂಬದಿಂದ ಕವಲೊಡೆದ ಮನೆಗಳ ಪಟ್ಟಿ. ಸಂಬಂಧ ಹೇಗೆ ಅಂತ ಮರೆತುಹೋದ ಮೇಲೂ ಸೂತಕ ಮಾತ್ರ ಉಳಿದಿರುತ್ತದೆ. ಬರಿಯೂ ಹಾಗೆಯೇ. ಅದು ತಾಯಿಯಿಂದ ಬರುತ್ತದೆ, ಒಂದೇ ಬರಿಯೊಳಗೆ ಮದುವೆ ಇಲ್ಲ. ಆದರೆ ಒಂದೇ ಬರಿ ಅಂದಾಕ್ಷಣ ಒಂದೇ ಕುಟುಂಬ ಅಂತ ಬರೆದುಬಿಡಬೇಡಿ. ಒಂದು ಬರಿಯಲ್ಲಿ ಎಷ್ಟೋ ಕುಟುಂಬಗಳಿರುತ್ತವೆ.

ಬ್ರಾಹ್ಮಣ ಮನೆಗಳಲ್ಲಿ ಶ್ರಾದ್ಧ ಮಾಡುವವರನ್ನು ಕೇಳಿ. ತಂದೆಯ ಕಡೆ ಮೂರು ತಲೆಮಾರು, ತಾಯಿಯ ಕಡೆ ಮೂರು ತಲೆಮಾರು ಹೆಸರುಗಳನ್ನು ಗೋತ್ರ ಸಮೇತ ಅವರು ವರ್ಷವರ್ಷವೂ ಹೇಳುತ್ತಿರುತ್ತಾರೆ. ಮಹಾಲಯದ ತರ್ಪಣಕ್ಕೆ ಬರೆದಿಟ್ಟ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು, ಅದರಲ್ಲಿ ಅತ್ತೆ, ಮಾವ, ಚಿಕ್ಕಪ್ಪ ಎಲ್ಲರೂ ಬರುತ್ತಾರೆ.

ಮನೆಯ ಪೆಟ್ಟಿಗೆಯಲ್ಲಿ ಇರುವುದು

ಜಾತಕ, ಹಳೇ ಶಾಲಾ ಸರ್ಟಿಫಿಕೇಟು, ಗೇಣಿ ರಶೀದಿ, ತೀರ್ವೆ ರಶೀದಿ, ಮುಂಬಯಿಯಿಂದ ಬಂದ ಪತ್ರ, ಮದುವೆ ಕಾಗದ, ಇವೆಲ್ಲ ಬೇಕು. ನನ್ನ ಮಟ್ಟಿಗೆ ಇವುಗಳಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಉತ್ತರಕ್ರಿಯೆಯ ಕರೆಯೋಲೆ. ತೀರಿಹೋದವರ ಹೆಸರು, ಮನೆ, ತಾರೀಕು, ಕೆಳಗೆ ಮಕ್ಕಳು, ಅಳಿಯಂದಿರು, ಸೊಸೆಯಂದಿರು, ಮೊಮ್ಮಕ್ಕಳು, ಜೊತೆಗೆ "ಕುಟುಂಬಿಕರು" ಅಂತ ಮನೆಗಳ ಹೆಸರು. ಒಂದು ಸಣ್ಣ ಕಾರ್ಡಿನಲ್ಲಿ ಮೂರು ತಲೆಮಾರು ಬಂದುಬಿಡುತ್ತದೆ, ಅಲ್ವಾ? ಜನ ಅದನ್ನು ಬೊಜ್ಜದ (ಉತ್ತರಕ್ರಿಯೆಯ) ಮರುದಿನ ಎಸೆಯುತ್ತಾರೆ. ನೀವು ಎತ್ತಿಡಿ.

ನಮ್ಮ ಮಳೆಗಾಲದಲ್ಲಿ ಕಾಗದಕ್ಕೆ ಬೂಸ್ಟು ಬೇಗ ಹಿಡಿಯುತ್ತದೆ. ಒಣ ಹವೆ ಇರುವ ದಿನ ನೆರಳಿನಲ್ಲಿ ಹರಡಿ, ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಎರಡೂ ಬದಿಯ ಫೋಟೋ ತೆಗೆಯಿರಿ. ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪ್ ಬೇಡ. ಓಲೆಗರಿ ಸಿಕ್ಕಿದರೆ ಬಿಚ್ಚಲು ಬಲವಂತ ಮಾಡಬೇಡಿ. ತುಳು ಲಿಪಿಯ ಓಲೆಗರಿಗಳಲ್ಲಿ ಹೆಚ್ಚಿನವು ಸಂಸ್ಕೃತದ ಮಂತ್ರ, ಸ್ತೋತ್ರ, ಪೂಜಾವಿಧಿ. ಮನೆಯ ಲೆಕ್ಕಪತ್ರ ಸಾಮಾನ್ಯವಾಗಿ ಕನ್ನಡದಲ್ಲೇ ಇರುತ್ತದೆ.

ನಾಗಬನ, ದೈವಸ್ಥಾನ

ಮನೆ ಬಿದ್ದುಹೋಗಿರಬಹುದು, ಜಾಗ ಮಾರಿಹೋಗಿರಬಹುದು, ಆದರೆ ಮೂಲ ನಾಗಬನ ಇರುವ ಕಡೆ ಕುಟುಂಬ ಮತ್ತೆ ಸೇರುತ್ತದೆ. ನಾಗರಪಂಚಮಿ ದಿನ ಅಥವಾ ಕುಟುಂಬದ ದೈವದ ನೇಮದ ದಿನ ಅಲ್ಲಿಗೆ ಹೋಗಿ. ಒಂದೇ ದಿನ ಐದಾರು ಕವರಿನವರು ಸಿಗುತ್ತಾರೆ. ಹಲವು ಕುಟುಂಬಗಳು ಈಗ ಟ್ರಸ್ಟ್ ಮಾಡಿಕೊಂಡಿವೆ. ಜೀರ್ಣೋದ್ಧಾರ, ಬ್ರಹ್ಮಕಲಶೋತ್ಸವ ಆದಾಗ ತಂದ ಸ್ಮರಣ ಸಂಚಿಕೆಯಲ್ಲಿ ವಂಶವೃಕ್ಷ ಅಚ್ಚಾಗಿರುವುದು ಉಂಟು. ಟ್ರಸ್ಟಿನ ವಂತಿಗೆ ಪುಸ್ತಕ ಕೂಡ ಕೇಳಿ ನೋಡಿ. ಯಾವ ಮನೆಯವರು ಎಷ್ಟು ಕೊಟ್ಟರು ಎಂಬ ಪಟ್ಟಿ ಅಂದರೆ ಕುಟುಂಬದ ಮನೆಗಳ ಪಟ್ಟಿ.

ಇಲ್ಲಿ ಎರಡು ಎಚ್ಚರಿಕೆ. ಅಷ್ಟಮಂಗಲ ಪ್ರಶ್ನೆಯಲ್ಲಿ (ಜ್ಯೋತಿಷಿಗಳು ಇಡುವ ಪ್ರಶ್ನೆ) "ನಿಮ್ಮ ಮೂಲ ಇಂಥ ಊರು" ಅಂತ ಬಂದಿದ್ದರೆ ಅದನ್ನು ಗೌರವದಿಂದ ಬರೆದಿಟ್ಟುಕೊಳ್ಳಿ, ಪ್ರಶ್ನೆಯಲ್ಲಿ ಬಂದದ್ದು ಅಂತಲೇ ಬರೆಯಿರಿ. ಆ ಊರಿನ ಜಾಗದ ದಾಖಲೆಯಲ್ಲಿ ಕುಟುಂಬದ ಹೆಸರು ಸಿಗುವವರೆಗೆ ವಂಶವೃಕ್ಷಕ್ಕೆ ಸೇರಿಸಬೇಡಿ. ಇನ್ನೊಂದು, ಗುತ್ತು, ಬೀಡು ಅನ್ನುವ ಊರಿನ ಮುಖ್ಯ ಮನೆಗಳಲ್ಲಿ ಗಡಿ ಹಿಡಿದವರಿಗೆ (ಯಜಮಾನಿಕೆಯ ಪಟ್ಟ ಪಡೆದವರಿಗೆ) ಪಟ್ಟದ ಹೆಸರು ಇರುವುದುಂಟು. ನೂರು ವರ್ಷದ ಕಾಗದಗಳಲ್ಲಿ ಒಂದೇ ಹೆಸರು ಬಂದರೆ ಅದು ಒಬ್ಬರೇ ಅಲ್ಲ, ಒಬ್ಬರ ನಂತರ ಒಬ್ಬರು ಬಂದ ಮೂರ್ನಾಲ್ಕು ಜನ ಆಗಿರಬಹುದು.

ಜಾಗದ ದಾಖಲೆ: ಇಂದಿನಿಂದ ಹಿಂದಕ್ಕೆ

ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ಜಾಲತಾಣದಲ್ಲಿ ಆರ್‌ಟಿಸಿ (ಪಹಣಿ) ನೋಡಿ. ಭೂಮಿ ಯೋಜನೆ ಬಂದದ್ದು 2000ದ ಸುಮಾರಿಗೆ, ಹಾಗಾಗಿ ಕಂಪ್ಯೂಟರಿನಲ್ಲಿ ಸಿಗುವುದು ಅಲ್ಲಿಂದ ಈಚೆಗಿನದು. ಆರ್‌ಟಿಸಿಯಲ್ಲಿ ಕಬ್ಜೆದಾರರ ಹೆಸರಿನ ಪಕ್ಕ "ಸ್ವಾಧೀನತೆಯ ರೀತಿ" ಅಂತ ಒಂದು ಕಾಲಂ ಇದೆ. ಅಲ್ಲಿರುವ ಮ್ಯುಟೇಶನ್ (ಖಾತೆ ಬದಲಾವಣೆ) ಸಂಖ್ಯೆಯನ್ನು ಬರೆದುಕೊಳ್ಳಿ. ಆ ಸಂಖ್ಯೆ ಹಿಡಿದು ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲಿಗಾಗಿ ಅರ್ಜಿ ಹಾಕಿ. ಪೌತಿ ಖಾತೆ (ತೀರಿಹೋದವರ ಹೆಸರಿನಿಂದ ವಾರಸುದಾರರಿಗೆ ಬದಲಾವಣೆ) ಆಗಿದ್ದರೆ ಕಡತದಲ್ಲಿ ವಂಶವೃಕ್ಷ ಲಗತ್ತಿಸಿರುತ್ತಾರೆ. ಅದು ವಾರಸುದಾರರನ್ನು ತೋರಿಸಲು ಮಾಡಿದ ಪಟ್ಟಿ ಅನ್ನುವುದು ನೆನಪಿರಲಿ. ಚಿಕ್ಕಂದಿನಲ್ಲೇ ತೀರಿಕೊಂಡವರು ಅದರಲ್ಲಿ ಬಿಟ್ಟುಹೋಗಿರಬಹುದು.

ಅಲ್ಲಿಂದ ಹಿಂದಕ್ಕೆ ಹೋದರೆ ಕೈಬರಹದ ಪಹಣಿ, ಅದಕ್ಕಿಂತ ಹಿಂದೆ ಅಡಂಗಲ್ (ಮದ್ರಾಸ್ ಕಾಲದ ಗ್ರಾಮ ಲೆಕ್ಕದ ಪುಸ್ತಕ), ಇನ್ನೂ ಹಿಂದೆ ಮದ್ರಾಸ್ ಕಾಲದ ಸೆಟ್ಲ್‌ಮೆಂಟ್ ರಿಜಿಸ್ಟರ್. ಇವುಗಳಲ್ಲಿ ವರ್ಗದ (ಹಿಡುವಳಿಯ) ಹೆಸರು, ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ವರ್ಷದ ಗೇಣಿ), ಕುಮ್ಕಿ (ವರ್ಗದ ಪಕ್ಕದ ಸರ್ಕಾರಿ ಜಾಗ) ಅಂತ ಬರುತ್ತದೆ. ರೆಕಾರ್ಡ್ ರೂಮುಗಳ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ "ಭೂ ಸುರಕ್ಷಾ" ಯೋಜನೆಯಲ್ಲಿ ನಡೆಯುತ್ತಿದೆ. ನಿಮ್ಮ ತಾಲೂಕಿನಲ್ಲಿ ಎಲ್ಲಿಯವರೆಗೆ ಬಂದಿದೆ ಅಂತ ವಿಚಾರಿಸಿಕೊಂಡೇ ಹೋಗಿ.

ಗೇಣಿಗೆ ದುಡಿದ ಕುಟುಂಬಗಳು "ನಮ್ಮಲ್ಲಿ ಏನು ದಾಖಲೆ ಇರುತ್ತದೆ" ಅಂತ ಸುಮ್ನೆ ಕೂತುಬಿಡುವುದನ್ನು ನೋಡಿದರೆ ಬೇಸರವಾಗುತ್ತದೆ. ಅವರಿಗೆ ಫಾರಂ 7 ಇದೆ. ಭೂಸುಧಾರಣೆ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದ ಮೇಲೆ ಒಕ್ಕಲುಗಳು ಭೂನ್ಯಾಯ ಮಂಡಳಿಗೆ ಕೊಟ್ಟ ಅರ್ಜಿ ಅದು. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಇದು ಮನೆಮನೆಯ ಕಥೆ. ಅರ್ಜಿದಾರರ ಹೆಸರು, ಧಣಿಗಳ ಹೆಸರು, ಜಾಗದ ವಿವರ ಅದರಲ್ಲಿ ಇರುತ್ತದೆ. ತಕರಾರು ಆಗಿದ್ದರೆ ಇನ್ನೂ ಒಳ್ಳೆಯದು. ಎಷ್ಟು ವರ್ಷದಿಂದ ಯಾರು ಉಳುತ್ತಿದ್ದರು, ಯಾರ ಮಗ, ಯಾರ ಅಳಿಯ ಅಂತ ಹೇಳಿಕೆಗಳು ಕಡತದಲ್ಲಿ ಸಿಗುತ್ತವೆ. ಓದು ಬರಹ ಇಲ್ಲದ ಅಜ್ಜನ ಮಾತು ಅಕ್ಷರದಲ್ಲಿ ಉಳಿದಿರುವುದು ಬಹುಶಃ ಅಲ್ಲಿ ಮಾತ್ರ. ನಕಲು ಸಿಗುವುದು ಕಷ್ಟವಾದರೆ ಮಾಹಿತಿ ಹಕ್ಕಿನಡಿ ಕೇಳಬಹುದು. ಅರ್ಜಿಗೆ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ಅರ್ಜಿಯಲ್ಲಿ ಗ್ರಾಮ, ಸರ್ವೆ ನಂಬರ್, ಗೊತ್ತಿದ್ದರೆ ಮಂಡಳಿಯ ಪ್ರಕರಣ ಸಂಖ್ಯೆ ಸ್ಪಷ್ಟವಾಗಿ ಬರೆಯಿರಿ.

ಪಾಲುಪಟ್ಟಿ ಮತ್ತು ಕೋರ್ಟು

ಕರಾವಳಿಯ ದೊಡ್ಡ ವಂಶಾವಳಿ ಭಂಡಾರ ಇರುವುದು ಇಲ್ಲಿ ಅಂತ ನಾನು ನಂಬುತ್ತೇನೆ. ಅದಕ್ಕೆ ಕಾರಣ ಕಾನೂನು. ಅಳಿಯಸಂತಾನದ ಕುಟುಂಬದಲ್ಲಿ ಎಲ್ಲರೂ ಒಪ್ಪದೆ ಪಾಲಿಲ್ಲ ಅಂತ ಮದ್ರಾಸ್ ಹೈಕೋರ್ಟ್ 1863ರಲ್ಲಿ ತೀರ್ಪು ಕೊಟ್ಟಿತು. ಹಾಗಾಗಿ ಮುಂದೆ ಹತ್ತಾರು ವರ್ಷ ಕುಟುಂಬಗಳು ಒಟ್ಟಿಗೇ ಉಳಿದವು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. ಆಮೇಲೆ ಮನೆಮನೆಯಲ್ಲೂ ಪಾಲು. ಪಾಲಾಗಬೇಕಾದರೆ ಯಾರು ಯಾವ ಕವರು ಅಂತ ತೋರಿಸಲೇಬೇಕು. ಹಾಗಾಗಿ ಆ ಕಾಲದ ಪಾಲುಪಟ್ಟಿಗಳಲ್ಲಿ, ದಾವೆಗಳಲ್ಲಿ ಮೂಲ ಸ್ತ್ರೀಯಿಂದ ಶುರುವಾಗಿ ಎಲ್ಲರ ಹೆಸರು ಬರುತ್ತದೆ. ಚಿಕ್ಕ ಮಕ್ಕಳನ್ನು ವಯಸ್ಸಿನ ಸಮೇತ ನಮೂದಿಸಿರುತ್ತಾರೆ.

ನೋಂದಣಿಯಾದ ಪಾಲುಪಟ್ಟಿ, ವೀಲುನಾಮೆ, ಮೂಲಗೇಣಿ ಚೀಟು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತವೆ. ಇತ್ತೀಚಿನ ವರ್ಷಗಳ ಋಣಭಾರ ಪತ್ರ ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ, ಹಳೆಯದಕ್ಕೆ ಕಚೇರಿಗೆ ಹೋಗಿ ಅರ್ಜಿ ಕೊಡಬೇಕು. ವರ್ಷ ಸರಿಯಾಗಿ ಗೊತ್ತಿಲ್ಲದಿದ್ದರೆ ನಾಲ್ಕೈದು ವರ್ಷದ ಅಂತರ ಕೊಟ್ಟು ಹುಡುಕಿಸಿ. ಕೋರ್ಟಿನ ಕಡತಕ್ಕೆ ದಾವೆ ಸಂಖ್ಯೆ ಬೇಕು. ಮನೆಯಲ್ಲಿ ತೀರ್ಪಿನ ಪ್ರತಿ ಇದ್ದರೆ ಮೊದಲ ಪುಟದಲ್ಲೇ ಇರುತ್ತದೆ. ಪ್ರಕರಣ ಹೈಕೋರ್ಟ್ ತನಕ ಹೋಗಿದ್ದರೆ ಇಂಡಿಯನ್ ಕಾನೂನ್ ಜಾಲತಾಣದಲ್ಲಿ ಮನೆಯ ಹೆಸರು, ಯಜಮಾನರ ಹೆಸರು ಹಾಕಿ ಹುಡುಕಿ. ಇಂಗ್ಲಿಷ್ ಕಾಗುಣಿತ ಹತ್ತು ಬಗೆ ಇರುತ್ತದೆ, ಎಲ್ಲ ಬಗೆಯಲ್ಲೂ ಹುಡುಕಿ.

ಈ ಕಾಗದಗಳಲ್ಲಿ "ನಿಸ್ಸಂತತಿ ಕವರು" ಅಂತ ಕಂಡರೆ ಮಕ್ಕಳೇ ಇಲ್ಲ ಅಂತ ಓದಬೇಡಿ. ಕವರನ್ನು ಮುಂದುವರಿಸುವ ಹೆಣ್ಣು ಇಲ್ಲ ಅನ್ನುವುದಷ್ಟೇ ಅದರ ಲೆಕ್ಕ. ಹತ್ತು ಮಕ್ಕಳ ತಂದೆಯೂ ನಿಸ್ಸಂತತಿ ಅಂತ ದಾಖಲಾಗಿರಬಹುದು. ಆ ಮಕ್ಕಳು ಅವರ ತಾಯಿಯ ಮನೆಯ ಪಾಲುಪಟ್ಟಿಯಲ್ಲಿ ಸಿಗುತ್ತಾರೆ.

ಯಾವ ಊರಿನ ಕಚೇರಿ?

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ (ಅಂದಿನ ಕರಾವಳಿ ಪ್ರದೇಶ) ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಆಮೇಲೆ ನಮ್ಮ ಜಿಲ್ಲೆ 1956ರ ತನಕ ಮದ್ರಾಸಿನ ಜೊತೆಗೇ ಇತ್ತು. ಹಾಗಾಗಿ ಹಳೇ ಕಂದಾಯ ಪತ್ರವ್ಯವಹಾರಕ್ಕೆ ಬೆಂಗಳೂರಿಗೆ ಹೋಗಿ ಪ್ರಯೋಜನ ಕಡಿಮೆ, ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು. ಕಾಸರಗೋಡು ಕಡೆಯ ಮೂಲದವರಿಗೆ 1956ರ ನವೆಂಬರ್ ನಂತರದ ದಾಖಲೆ ಕೇರಳದ್ದು. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಸುಳ್ಯ ಮೊದಲು ಪುತ್ತೂರು ತಾಲೂಕಿನೊಳಗೆ ಇತ್ತು, ಪುತ್ತೂರು ತಾಲೂಕಿಗೆ ಹಿಂದೆ ಉಪ್ಪಿನಂಗಡಿ ತಾಲೂಕು ಅಂತ ಹೆಸರು. ಮೂಲ್ಕಿ, ಉಳ್ಳಾಲ, ಕಡಬ, ಕಾಪು, ಬ್ರಹ್ಮಾವರ, ಬೈಂದೂರು, ಹೆಬ್ರಿಯಂಥ ಹೊಸ ತಾಲೂಕಿನವರು ಹಳೇ ಕಡತ ಇನ್ನೂ ಹಳೇ ತಾಲೂಕು ಕಚೇರಿಯಲ್ಲೇ ಇದೆಯಾ ಅಂತ ಮೊದಲು ಕೇಳಿ.

ಜನನ ಮರಣ ನೋಂದಣಿಯ 1969ರ ಕಾಯಿದೆ ಕರ್ನಾಟಕದಲ್ಲಿ 1970ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ರಿಜಿಸ್ಟರ್ ಹುಡುಕಿಸಿ ನಕಲು ಪಡೆಯಬಹುದು, ಸಾವಿನ ಕಾರಣ ಮಾತ್ರ ಕೊಡುವುದಿಲ್ಲ. ಹಳ್ಳಿಗಳಲ್ಲಿ ಹಿಂದೆ ಎಷ್ಟೋ ಜನನ ನೋಂದಣಿಯೇ ಆಗಿಲ್ಲ. ಆಗ ಶಾಲೆಯ ದಾಖಲಾತಿ ಪುಸ್ತಕ ನೋಡಬೇಕು. ಪೋಷಕರ ಜಾಗದಲ್ಲಿ ತಂದೆಯ ಬದಲು ಸೋದರಮಾವನ ಹೆಸರು ಇದ್ದರೆ ಆಶ್ಚರ್ಯ ಬೇಡ.

ಇಗರ್ಜಿ, ಮಿಷನ್, ಮಸೀದಿ, ಮಠ

ಕ್ಯಾಥೊಲಿಕರಿಗೆ ಇಗರ್ಜಿಯ (ಚರ್ಚಿನ) ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳೇ ಆಧಾರ. ಮದುವೆ ದಾಖಲೆಯಿಂದ ಶುರುಮಾಡಿ, ಅದರಲ್ಲಿ ಹೆಣ್ಣು ಗಂಡಿನ ಊರ ಇಗರ್ಜಿ ಗೊತ್ತಾಗುತ್ತದೆ. ಅಲ್ಲಿಂದ ಜ್ಞಾನಸ್ನಾನಕ್ಕೆ ಹೋಗಿ. ಜ್ಞಾನಸ್ನಾನದಲ್ಲಿ ನಿಂತ ಪೊದ್ವಾಲಿಗಳ (ಜ್ಞಾನ ತಂದೆ, ಜ್ಞಾನ ತಾಯಿಯ) ಹೆಸರನ್ನೂ ಬರೆದುಕೊಳ್ಳಿ, ಹೆಚ್ಚಾಗಿ ಅವರು ಹತ್ತಿರದ ಸಂಬಂಧಿಕರೇ. ನಿಮ್ಮ ಇಗರ್ಜಿ ಹೊಸದಾದರೆ ಅದು ಯಾವ ಇಗರ್ಜಿಯಿಂದ ಬೇರೆಯಾಯಿತು ಅಂತ ಕೇಳಿ. ಹಳೇ ದಾಖಲೆ ಲ್ಯಾಟಿನ್, ಪೋರ್ಚುಗೀಸಿನಲ್ಲಿ ಇರಬಹುದು, ಹೆಸರಿನ ರೂಪ ಬದಲಾಗಿರುತ್ತದೆ. 1784ರಲ್ಲಿ ಟಿಪ್ಪು ಕ್ಯಾಥೊಲಿಕರನ್ನು ಹಿಡಿದೊಯ್ದು ಶ್ರೀರಂಗಪಟ್ಟಣದ ಸೆರೆವಾಸ ಶುರುವಾದಾಗ ಇಗರ್ಜಿಗಳೂ ನಾಶವಾದವು. 1799ರ ನಂತರ ಜನ ಮರಳಿ ಬಂದರು. ಆ ಗೋಡೆಯ ಆಚೆಗೆ ಹೋಗುವುದು ಬಹಳ ಕಷ್ಟ. ಮಂಗಳೂರಿನ ಮೈಕೆಲ್ ಲೋಬೊ ಅವರು ಕ್ಯಾಥೊಲಿಕ್ ಕುಟುಂಬಗಳ ದೊಡ್ಡ ವಂಶಾವಳಿ ಕೋಶವನ್ನೇ ಸಿದ್ಧಪಡಿಸಿದ್ದಾರೆ. ಹೊಸದಾಗಿ ಹುಡುಕುವ ಮೊದಲು ಅದರಲ್ಲಿ ನಿಮ್ಮ ಕುಟುಂಬ ಇದೆಯಾ ಅಂತ ನೋಡುವುದು ಒಳ್ಳೆಯದು.

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಆ ಹಿನ್ನೆಲೆಯ ಪ್ರೊಟೆಸ್ಟೆಂಟ್ ಕುಟುಂಬಗಳಿಗೆ ಸಭೆಯ ರಿಜಿಸ್ಟರ್‌ಗಳ ಜೊತೆಗೆ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಪತ್ರಾಗಾರ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ ಸಂಗ್ರಹದ ಹಳೇ ಫೋಟೋಗಳನ್ನು ಮನೆಯಲ್ಲೇ ಕೂತು ಜಾಲತಾಣದಲ್ಲಿ ನೋಡಬಹುದು. ಹೆಂಚಿನ ಕಾರ್ಖಾನೆ, ನೇಯ್ಗೆ, ಪ್ರೆಸ್ಸಿನಲ್ಲಿ ದುಡಿದವರ ಮನೆಯವರು ಇದನ್ನು ಬಿಡಬಾರದು.

ಬ್ಯಾರಿ ಕುಟುಂಬಗಳು ಜಮಾಅತಿನ ನಿಕಾಹ್ ಪುಸ್ತಕ ಕೇಳಬೇಕು. ಚಿತ್ರಾಪುರ ಸಾರಸ್ವತರಿಗೆ ಶಿರಾಲಿಯ ಮಠ ಮತ್ತು ಮುಂಬಯಿಯಲ್ಲಿ 1911ರಲ್ಲಿ ಶುರುವಾದ ಕೆನರಾ ಸಾರಸ್ವತ ಅಸೋಸಿಯೇಷನ್ ಇದೆ. ಗೌಡ ಸಾರಸ್ವತರಿಗೆ ಗೋವಾದಲ್ಲಿರುವ ಕುಲದೇವರೇ ಮೊದಲ ಸುಳಿವು. ದಲಿತ ಕುಟುಂಬಗಳಿಗೆ ಜಾಗದ ಕಾಗದ ಕಡಿಮೆ, ಶಾಲೆಯ ದಾಖಲೆ ಮುಖ್ಯ. ಕುದ್ಮುಲ್ ರಂಗರಾವ್ ಮಂಗಳೂರಿನಲ್ಲಿ 1892ರಲ್ಲೇ ದಲಿತ ಮಕ್ಕಳಿಗೆ ಶಾಲೆ ತೆರೆದಿದ್ದರು. ಅಜ್ಜ ಅಜ್ಜಿ ಓದಿದ ಶಾಲೆ, ಉಳಿದ ಹಾಸ್ಟೆಲ್, ದುಡಿದ ಘಟ್ಟದ ಎಸ್ಟೇಟು, ಈ ಮೂರನ್ನು ಮೊದಲು ಬರೆದುಕೊಳ್ಳಿ.

ಪತ್ರಿಕೆ, ಸಂಘ, ಸಂಶೋಧನ ಕೇಂದ್ರ

ಉದಯವಾಣಿ 1970ರಿಂದ ಮಣಿಪಾಲದಲ್ಲಿ ಅಚ್ಚಾಗುತ್ತಿದೆ. ಅದರ ಶ್ರದ್ಧಾಂಜಲಿ, ನಿಧನ ವಾರ್ತೆಗಳು ಕರಾವಳಿಯ ಸಾವಿನ ಪುಸ್ತಕವೇ ಸರಿ. ಅದಕ್ಕಿಂತ ಹಿಂದಕ್ಕೆ ಮಂಗಳೂರಿನ ನವಭಾರತ, ಕೊಂಕಣಿ ಆಡುವ ಕ್ಯಾಥೊಲಿಕರಿಗೆ 1938ರಿಂದ ಬರುತ್ತಿರುವ ರಾಕ್ಣೊ. ಮುಂಬಯಿಗೆ ಹೋದವರ ಸುದ್ದಿ ಅಲ್ಲಿನ ಸಂಘಗಳ ಬಂಟರವಾಣಿ, ಮೊಗವೀರ, ಅಕ್ಷಯ ಪತ್ರಿಕೆಗಳಲ್ಲಿ ಸಿಗುತ್ತದೆ. ಹೋಟೆಲಿನ ಕೆಲಸಕ್ಕೆ ಹೋಗಿ ಊರಿಗೆ ಬರದೇ ಉಳಿದ ದೊಡ್ಡಪ್ಪನ ಫೋಟೋ ಅಲ್ಲಿ ಇರಬಹುದು.

ಉಡುಪಿ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಗ್ರಂಥಾಲಯ, ಬಂಟ್ವಾಳದಲ್ಲಿ ತುಕಾರಾಮ್ ಪೂಜಾರಿ ಅವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ, ಈ ಮೂರನ್ನು ತಪ್ಪದೆ ನೋಡಿ. ಅಲ್ಲಿ ನಿಮ್ಮ ಅಜ್ಜಿಯ ಹೆಸರು ಸಿಗಲಿಕ್ಕಿಲ್ಲ. ಆದರೆ ನಿಮ್ಮ ಗ್ರಾಮ, ಮಾಗಣೆ (ಹಲವು ಗ್ರಾಮಗಳ ಗುಂಪು), ಗುತ್ತಿನ ಚರಿತ್ರೆ ಸಿಗುತ್ತದೆ. ಹೋಗುವ ಮೊದಲು ಫೋನ್ ಮಾಡಿ, ಏನು ಬೇಕು ಅಂತ ಎರಡು ಸಾಲಿನಲ್ಲಿ ಹೇಳಿ.

ತಾರೀಕು ಹಾಕುವುದು

ಕಂದಾಯ ಕಾಗದದಲ್ಲಿ ಫಸಲಿ ವರ್ಷ ಇರುತ್ತದೆ, ಅದಕ್ಕೆ 590 ಸೇರಿಸಿ. ಫಸಲಿ 1313 ಅಂದರೆ 1903ರ ಜುಲೈಯಿಂದ 1904ರ ಜೂನ್. ಶಕ ವರ್ಷಕ್ಕೆ 78 ಸೇರಿಸಿ. ಸಂವತ್ಸರ ಮಾತ್ರ ಇದ್ದರೆ ಅದು 60 ವರ್ಷಕ್ಕೊಮ್ಮೆ ಬರುತ್ತದೆ. ಖರ ಸಂವತ್ಸರ 1891-92 ಆಗಬಹುದು, 1951-52 ಆಗಬಹುದು. ಯಾವುದು ಅಂತ ಉಳಿದ ಹೆಸರುಗಳಿಂದ ತೀರ್ಮಾನಿಸಿ. ಹಿರಿಯರು ಘಟನೆ ಹಿಡಿದು ಹೇಳುತ್ತಾರೆ. ನೇತ್ರಾವತಿ ಬದಿಯವರು "ಮಾರಿ ಬೊಳ್ಳ" (ದೊಡ್ಡ ನೆರೆ) ಅಂದರೆ 1923, ಮಂಗಳೂರಿಗೆ ರೈಲು ಬಂದದ್ದು 1907. ಆದರೆ 1974ರಲ್ಲೂ ದೊಡ್ಡ ನೆರೆ ಬಂದಿತ್ತು, ಯಾವ ನೆರೆ ಅಂತ ಕೇಳಿಕೊಳ್ಳಿ.

ಬರೆದಿಡುವುದು, ಹಂಚುವುದು

ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡಿ. ಸೋದರಮಾವನ ಮಗಳನ್ನು ಮದುವೆಯಾಗುವ ಪದ್ಧತಿ ಇರುವುದರಿಂದ ಒಬ್ಬರೇ ಎರಡು ಕಡೆ ಬರುತ್ತಾರೆ. ಹೆಸರು ನೋಡಿ ಗುರುತಿಸಲು ಹೋದರೆ ಗೊಂದಲ ಖಂಡಿತ. ಹೆಂಗಸರನ್ನು ಗಂಡನ ಹೆಸರಿನ ಕೆಳಗೆ ಮುಗಿಸಬೇಡಿ. ಅವರ ತಾಯಿಮನೆ, ಬರಿ ಬರೆಯಿರಿ. ಪ್ರತಿ ಹೆಸರಿನ ಮುಂದೆ ಅದು ಎಲ್ಲಿಂದ ಬಂತು ಅಂತ ಹಾಕಿ: ಇಂಥ ಅಜ್ಜಿ ಹೇಳಿದ್ದು, ಇಂಥ ಪಾಲುಪಟ್ಟಿ, ಇಂಥ ಕರೆಯೋಲೆ. ಕಂಪ್ಯೂಟರ್ ಬಳಸುವವರಿಗೆ ಗ್ರಾಂಪ್ಸ್ ಅಂತ ಉಚಿತ ತಂತ್ರಾಂಶ ಇದೆ, ಮಾಹಿತಿ ನಿಮ್ಮ ಹತ್ತಿರವೇ ಉಳಿಯುತ್ತದೆ.

ಬದುಕಿರುವವರ ಜನ್ಮದಿನ, ಫೋನ್ ನಂಬರ್, ಆಸ್ತಿ ವಿವರ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಜಾತಿ ಬಿಟ್ಟು ಮದುವೆ, ಮನೆಬಿಟ್ಟು ಹೋದವರು, ಸಾಕಿದ ಮಕ್ಕಳು, ಇಂಥ ವಿಷಯ ಸಿಕ್ಕಿದರೆ ಆ ಮನೆಯವರನ್ನು ಕೇಳದೆ ಅಚ್ಚು ಮಾಡಬೇಡಿ. ಆದರೆ ಅವರ ಹೆಸರನ್ನು ಪಟ್ಟಿಯಿಂದ ಅಳಿಸಲೂಬೇಡಿ. ಆಸ್ತಿ ತಕರಾರು ನಡೆಯುತ್ತಿರುವ ಕುಟುಂಬವಾದರೆ ನೀವು ಕೇಳುತ್ತಿರುವುದು ಚರಿತ್ರೆಗಾಗಿ ಮಾತ್ರ ಅಂತ ಮೊದಲೇ ಎರಡೂ ಕಡೆಯವರಿಗೆ ಹೇಳಿಬಿಡಿ.

ಒಂದು ಹಂತ ಮುಗಿದ ಮೇಲೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು, ಕುಟುಂಬದ ಮನೆಯಲ್ಲಿ ಮುಂದಿನ ತಂಬಿಲದ (ನಾಗ, ದೈವಗಳ ಪೂಜೆಯ) ದಿನ ಎಲ್ಲರ ಮುಂದೆ ಇಡಿ. ಪಕ್ಕದಲ್ಲಿ ಪೆನ್ಸಿಲ್ ಇರಲಿ. ಯಾರಾದರೂ ಹೆಸರು ತಿದ್ದಿದರೆ ಅಥವಾ ಸೇರಿಸಿದರೆ, ತಿದ್ದಿದವರ ಹೆಸರು, ಮನೆ, ತಾರೀಕನ್ನು ಅಲ್ಲೇ ಅಂಚಿನಲ್ಲಿ ಬರೆಸಿಕೊಳ್ಳಿ.